ತಂಗಿಯ ಸುತ್ತು

ಒಂದು ಸುತ್ತು ಅಕ್ಕನದು, ಮುಂದಿನದು ತಂಗಿಯದು. ಬಟ್ಟೆಚೂರುಗಳ ಕೌದಿ ಹೊಲಿಯುವುದರಲ್ಲಿ ಅವರಿಬ್ಬರ ಕಟ್ಟಳೆ ಅದು. ಅಂಚಿನಿಂದ ಸಾಲು ಹಾಕುತ್ತ ನಡುವಿಗೆ ಬರಬೇಕು. ಒಬ್ಬಳು ನಿಂತರೆ ಇನ್ನೊಬ್ಬಳ ಕೈಯೂ ಕಟ್ಟಿದಂತೆ. ಅಕ್ಕನ ಮೊಮ್ಮಗಳಿಗೆಂದು ಶುರುವಾದ ಕೌದಿ ಎರಡು ಮನೆಗಳ ನಡುವೆ ಹೋಗುತ್ತ ಬರುತ್ತ ಇದ್ದದ್ದು, ಬೇಸಿಗೆಯಿಂದ ಈಚೆಗೆ ತಂಗಿಯ ಮಂಚದ ಕೆಳಗೇ ಮಲಗಿತ್ತು.

ಮೈಗಳ್ಳತನ ಎನ್ನುವಂತಿಲ್ಲ. ಬಣ್ಣದ ಚೂರುಗಳನ್ನು ಹೊಂದಿಸಿ ಹರಡುವಾಗ ಅವಳಿಗೆ ಊಟದ ನೆನಪೂ ಇರುತ್ತಿರಲಿಲ್ಲ. ಆಮೇಲಿನ ಸಾಲುಹೊಲಿಗೆ ಬಂತೆಂದರೆ ಮಾತ್ರ ಆಕಳಿಕೆ. ನಾಳೆ ಮನಸ್ಸಿಟ್ಟು ಕೂತರಾಯಿತು ಎನ್ನುವಳು. ಆ ನಾಳೆ ಬರಲೇ ಇಲ್ಲ. ಗುಡಿಸುವಾಗ ಪೊರಕೆ ಕೌದಿಯ ಗಂಟಿಗೆ ತಾಗಿದರೆ ಎದೆ ಚುರುಕ್ಕೆನ್ನುತ್ತಿತ್ತು. ಕೊನೆಗೆ ಮಂಚದ ಕೆಳಗೆ ಗುಡಿಸುವುದನ್ನೇ ಬಿಟ್ಟಳು.

"ನಿನ್ನ ಸುತ್ತು ಮುಗೀತೇನೇ?" ಎಂದು ಅಕ್ಕ ಸಿಕ್ಕಾಗೆಲ್ಲ ಕೇಳುವಳು.

"ಇನ್ನೊಂದು ಗೇಣು ಅಷ್ಟೇ ಕಣಕ್ಕ."

"ಹೋದ್ಸಲಾನೂ ಗೇಣೇ ಇತ್ತಲ್ಲೇ. ಅದೇನು ದಿನಾ ಬೆಳೀತಿದ್ಯಾ?"

ನಿಜಕ್ಕೂ ತಂಗಿ ಸೂಜಿಯನ್ನೇ ಚುಚ್ಚಿರಲಿಲ್ಲ.

ಒಂದು ಮಧ್ಯಾಹ್ನ ತರಕಾರಿ ಅಂಗಡಿಯ ಮುಂದೆ ಅಕ್ಕನ ಸೊಸೆ ಸಿಕ್ಕಳು. "ಚಿಕ್ಕತ್ತೆ, ಅತ್ತೆಗೆ ಕಣ್ಣು ಮಂಜಾಗ್ತಿದೆ. ಹೋಗಿದ್ದು ವಾಪಸ್ ಬರಲ್ಲ, ಇರೋದೂ ಕಮ್ಮಿಯಾಗುತ್ತೆ ಅಂದ್ರು ಡಾಕ್ಟ್ರು. ನಿಮಗೆ ಹೇಳ್ಬೇಡ ಅಂದಿದ್ರು. ಹೇಳಿದ್ರೆ ಗಾಬರೀಲಿ ಹೊಲಿತಾಳೆ, ಹೊಲಿಗೆ ಕೆಡಿಸ್ತಾಳೆ ಅಂತ."

ತಂಗಿಯ ಕೈಚೀಲ ಭಾರವಾಯಿತು. ಮನೆಗೆ ಬಂದು ಗಂಟು ಎಳೆದಳು. ಸಂಜೆಯೊಳಗೆ ದೊಡ್ಡ ದೊಡ್ಡ ಹೊಲಿಗೆ ಎಳೆದು ಸುತ್ತು ಮುಗಿಸಿಬಿಟ್ಟರೆ ಸುಳ್ಳು ಮುಚ್ಚಿಹೋಗುತ್ತದೆ. ಸೂಜಿ ಹಿಡಿದಳು. ನಾಚಿಕೆಯಾಗಿ ಕೆಳಗಿಟ್ಟಳು. ಇದ್ದದ್ದನ್ನು ಇದ್ದಹಾಗೇ ಅಕ್ಕನ ಮನೆಗೆ ಹೊತ್ತು ನಡೆದಳು.

ಅಕ್ಕ ಕಿಟಕಿಯ ಬಳಿ ಕೂತು ಕೌದಿಯ ಅಂಚಿನ ಮೇಲೆ ಬೆರಳಾಡಿಸಿದಳು. "ಇದು ನನ್ನ ಸಾಲು. ನಿಂದೆಲ್ಲಿ?"

"ಶುರುವೇ ಮಾಡಿಲ್ಲ ಅಕ್ಕ."

ಅಕ್ಕ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. "ಬೈದ್ರೆ ಈಗ ಸಾಲು ಬೀಳುತ್ತಾ," ಎಂದಳು. "ಈ ಸುತ್ತೂ ನಂಗೇ ಇರಲಿ. ಸೂಜಿ ಪೋಣಿಸ್ಕೊಡು."

ತಂಗಿ ಪೋಣಿಸಿ ಕೊಟ್ಟಳು. ಅಕ್ಕ ಎಡಗೈ ಬೆರಳನ್ನು ಹಳೆಯ ಸಾಲಿನ ಮೇಲಿಟ್ಟು, ತಡವುತ್ತ ಹೊಲಿದಳು.

"ನೆಟ್ಟಗಿದ್ಯೇನೇ?"

ಇದೆ ಎನ್ನಲು ನಾಲಿಗೆ ಅಭ್ಯಾಸದಿಂದ ಎದ್ದಿತು. ಅದನ್ನು ತಡೆದು, "ಸ್ವಲ್ಪ ವಾಲಿದೆ ಅಕ್ಕ," ಎಂದಳು.

ಬೇಸಿಗೆಯಲ್ಲೇ ತಂಗಿ ತನ್ನ ಸುತ್ತು ಮುಗಿಸಿ ಕೊಟ್ಟಿದ್ದರೆ ಅಕ್ಕನ ಸಾಲು ವಾಲುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಹಾಗಾದ್ರೆ ಪಕ್ಕದಲ್ಲೇ ಕೂತು ನೋಡ್ತಾ ಇರು. ವಾಲಿದ ಕಡೆ ಹೇಳು," ಎಂದಳು ಅಕ್ಕ.

ತಂಗಿ ಕೂತಳು. ಮರುದಿನವೂ ಬಂದು ಕೂತಳು.