ಶನಿವಾರದ ಮೂಲೆಗೆ ಸುರಿದ ನೀರು

ಯಾಂಗೊನ್‌ನಲ್ಲಿ ಆಗ ಸೈನ್ಯದ ಆಳ್ವಿಕೆ, ಹಗ್ಗವೆಲ್ಲ ಹಾವಾಗಿ ಕಾಣುವ ಕಾಲ. ಸೈನ್ಯದ ಲಾರಿ ಯಾವ ಬೀದಿಗೆ ಹೊರಟಿದೆಯೆಂದು ಹೋರಾಟಗಾರರ ಮೊಬೈಲ್ ಗುಂಪಿಗೆ ಎಚ್ಚರಿಕೆ ಕಳಿಸುತ್ತಿದ್ದವಳು ಖೈಂಗ್. ಹೊಸಬರನ್ನು ಅವಳು ಸುಲಭಕ್ಕೆ ನಂಬುತ್ತಿರಲಿಲ್ಲ. ಒಬ್ಬ ಬೇಹುಗಾರ ಒಳಗೆ ಬಂದರೆ ಸಾಕು, ಎಲ್ಲರೂ ಜೈಲುಪಾಲು.

ಹೊಸದಾಗಿ ಸೇರಿದ ಪ್ವಿಂಟ್ ಎಂಬ ಹುಡುಗಿ ಮಾತಿನ ಮಲ್ಲಿ. "ನಾನು ಗುರುವಾರ ಹುಟ್ಟಿದೋಳಕ್ಕ, ನಮ್ಮ ವಾರದ ಪ್ರಾಣಿ ಇಲಿ. ಯಾವ ಸಂದೀಲಾದ್ರೂ ನುಸುಳ್ತೀನಿ," ಎಂದು ಬರೆದಿದ್ದಳು. ನುಸುಳುತ್ತಾಳಂತೆ! ಆ ಮಾತೇ ಖೈಂಗ್‌ಗೆ ಹಿಡಿಸಲಿಲ್ಲ. ಮುಖ ನೋಡೋಣವೆಂದು, ಗುರುತಿಗೆ ಹಸಿರು ಲುಂಗಿ ಉಟ್ಟು ಪಗೋಡಕ್ಕೆ ಬಾ ಎಂದು ಅವಳಿಗೆ ಹೇಳಿ, ತಾನು ಕಂಬದ ಮರೆಯಲ್ಲಿ ಕುಳಿತಳು.

ಪಗೋಡದಲ್ಲಿ ಹುಟ್ಟಿದ ವಾರಕ್ಕೊಂದು ಮೂಲೆ, ಮೂಲೆಗೊಬ್ಬ ಬುದ್ಧ, ಅವನ ಬುಡದಲ್ಲಿ ಆ ವಾರದ ಪ್ರಾಣಿ. ತಂತಮ್ಮ ವಾರದ ಬುದ್ಧನಿಗೆ ನೀರು ಹಾಕಬೇಕೆಂದು ಮಕ್ಕಳಿಗೂ ಗೊತ್ತು. ಹಸಿರು ಲುಂಗಿ ಉಟ್ಟು ಬಂದ ಹುಡುಗಿ ಗುರುವಾರದ ಇಲಿಯತ್ತ ತಿರುಗಿಯೂ ನೋಡದೆ, ಶನಿವಾರದ ನಾಗನ ಮುಂದೆ ನಿಂತು ಬಟ್ಟಲು ಬಟ್ಟಲು ನೀರು ಸುರಿದಳು.

"ಹುಟ್ಟಿದ ವಾರದಲ್ಲೇ ಸುಳ್ಳು ಹೇಳೋಳು ಇನ್ಯಾವುದರಲ್ಲಿ ನಿಜ ಹೇಳ್ತಾಳೆ?" ಎಂದಳು ಖೈಂಗ್, ಚಹಾದಂಗಡಿಯಲ್ಲಿ.

"ಒಂದು ಮಾತು ಅವಳನ್ನೇ ಕೇಳಿ ನೋಡೇ," ಅಂದ ಗುಂಪಿನ ಜೊತೆಗಾರ ತೂರ.

"ಕಳ್ಳನ್ನ ಕೇಳಿ ಯಾರಾದ್ರೂ ಬಾಗ್ಲು ಹಾಕ್ತಾರಾ?" ಎನ್ನುತ್ತ ಸದ್ದಿಲ್ಲದೆ ಹುಡುಗಿಯನ್ನು ಗುಂಪಿನಿಂದ ತೆಗೆದುಹಾಕಿದಳು.

ಮುಂದಿನ ವಾರ ಪ್ವಿಂಟ್‌ಳ ಬೀದಿಗೇ ಲಾರಿ ಬಂತು. ಅಲ್ಲಿದ್ದ ಗುಂಪಿನವರೆಲ್ಲ ಮೊದಲೇ ಜಾಗ ಖಾಲಿ ಮಾಡಿದ್ದರು. ಎಚ್ಚರಿಕೆ ತಲುಪದ ಅವಳೊಬ್ಬಳು ಸಿಕ್ಕಿಬಿದ್ದಳು.

"ಹಿಡಿದಿದ್ದೂ ನಾಟಕ ಇರ್ಬೇಕು," ಎಂದಳು ಖೈಂಗ್. ಇನ್ನೂ ಜಗ್ಗಿರಲಿಲ್ಲ.

ತೂರನಿಗೆ ರೇಗಿಹೋಯಿತು. "ಅವಳಮ್ಮ ದಿನಾ ಪಗೋಡಕ್ಕೆ ಬರ್ತಾಳೆ. ನಡಿ, ತೋರಿಸ್ತೀನಿ. ಅದೂ ನಾಟಕಾನಾ ನೀನೇ ನೋಡು."

ಅವನು ದೂರದಿಂದ ತೋರಿಸಿದ ಮುದುಕಿ ಶನಿವಾರದ ನಾಗನಿಗೆ ನೀರು ಹಾಕಿ, ಬಟ್ಟಲು ತುಂಬಿಕೊಂಡು ಗುರುವಾರದ ಮೂಲೆಗೆ ನಡೆದಳು. ಖೈಂಗ್ ಹಿಂದೆಯೇ ಹೋದಳು. "ಎರಡು ಮೂಲೆಗೂ ನೀರು ಯಾಕಮ್ಮ?"

"ಶನಿವಾರದ್ದು ಮಗಂದಮ್ಮ, ಜೈಲಲ್ಲಿದಾನೆ. ಅವನ ಪಾಲಿನ ನೀರು ತಂಗಿನೇ ಹಾಕ್ತಿದ್ಲು. ಅಣ್ಣ ಬರೋವರೆಗೂ ನನ್ನ ಮೂಲೆ ನಂಗೆ ಬೇಡ ಅಂತಿದ್ಲು. ಈಗ ಇಬ್ರದ್ದೂ ನಾನೇ ಹಾಕ್ಬೇಕು."

ಖೈಂಗ್‌ಳ ಅನುಮಾನ ಅಲ್ಲಿಗೆ ಮುಗಿಯಿತು. ಬೇಹುಗಾರರು ಮಾಡುವ ಕೆಲಸವನ್ನು ತಾನೇ ಮಾಡಿ ಮುಗಿಸಿದ್ದಳು.

ಮುದುಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇದನ್ನೆಲ್ಲ ಯಾಕೆ ಕೇಳ್ತೀಯ? ಯಾರು ಕಳಿಸಿದ್ದು ನಿನ್ನ? ನನ್ನ ಮಗಳು ನಿಂಗೆ ಗೊತ್ತಾ?"

"ಇಲ್ಲ," ಎಂದಳು ಖೈಂಗ್.

ಮುದುಕಿ ನಂಬಲಿಲ್ಲ. ತುಂಬಿದ ಬಟ್ಟಲನ್ನು ಅಲ್ಲೇ ಇಟ್ಟು, ಮಗಳ ನೀರನ್ನೂ ಹಾಕದೆ, ಸರಸರನೆ ಮೆಟ್ಟಿಲಿಳಿದು ಹೋದಳು.