ಭಾವನ ಕೊಳಲು ತೆಗೆದ ಮೇಲೆ

ಭಾವ ಕೊಳಲೆತ್ತಿದರೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ. ಏನು ಮಾಡೋಣ ಹೇಳಿ, ಕಂಪ್ಯೂಟರ್ ಅವರದು, ಕೋಣೆ ಅವರದು, ಕಟ್ಟಿಕೊಂಡಿರುವುದು ನನ್ನ ಅಕ್ಕನನ್ನು. ಕತ್ತೆಯೊಂದು ರಾಜನಾಗುವ ಗೊಂಬೆಯಾಟಕ್ಕೆ ಸಂಗೀತ ಮಾಡಿಕೊಡಿ ಎಂದು ತಂಡದ ನಿರ್ದೇಶಕಿ ಕೇಳಿದ್ದರು. ನನ್ನ ಮೊದಲ ಕೆಲಸ ಅದು. ಭಾವ ತಾವಾಗಿಯೇ ಬಂದು ಮೈಕಿನ ಮುಂದೆ ಕೂತರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಸಂಜೆಯೊಳಗೆ ಕಳಿಸದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದು ನಿರ್ದೇಶಕಿ ಹೇಳಿಬಿಟ್ಟರು. ಈ ಕೊಳಲಿನ ಸಮೇತ ಕಳಿಸಿದರೆ ಮರ್ಯಾದೆ ಮಣ್ಣುಪಾಲು. ಅದಕ್ಕೇ ಒಂದು ಸುಳ್ಳು ಹೊಸೆದೆ.

“ಭಾವ, ನಿಮ್ಮ ಕೊಳಲಿನ ಟ್ರ್ಯಾಕ್ ಹಾಕಿದ್ರೆ ಸಾಫ್ಟ್‌ವೇರ್ ಕ್ರ್ಯಾಶ್ ಆಗ್ತಿದೆ. ಅದಕ್ಕೆ ತಡ್ಕೊಳ್ಳೋ ಶಕ್ತಿ ಇಲ್ಲ.”

ಅವರ ಮುಖ ಬಾಡಿತು. “ಹೋಗ್ಲಿ ಬಿಡಪ್ಪ, ತೆಗೆದುಬಿಡು. ನಿನ್ನ ಕೆಲಸ ಕೆಡಬಾರದು,” ಎಂದು ಕೊಳಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟರು. ಅಯ್ಯೋ ಪಾಪ ಅನ್ನಿಸಿತು. ಆದರೂ ಟ್ರ್ಯಾಕ್ ಅಳಿಸಿ ಪ್ಲೇ ಒತ್ತಿದೆ.

ಕ್ರ್ಯಾಶ್!

ಮತ್ತೆ ತೆರೆದೆ, ಮತ್ತೆ ಬಿತ್ತು. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ, ಹೊಸ ಡ್ರೈವರ್ ಹಾಕಿದೆ, ಕೊನೆಗೆ ಕೈಯನ್ನೂ ಮುಗಿದೆ. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ನನ್ನ ಗೊಣಗಾಟ ಕೇಳಿ ಅಕ್ಕ ಬಾಗಿಲಿಗೆ ಬಂದಳು.

“ಯಾವಾಗಿಂದ ಹೀಗಾಗ್ತಿದೆಯೋ?”

“ಭಾವನ ಕೊಳಲು ತೆಗೆದಾಗಿಂದ...” ಅಂದವನು ನಾಲಿಗೆ ಕಚ್ಚಿಕೊಂಡೆ.

“ಆಹಾ! ಹಾಕಿದ್ರೆ ಕ್ರ್ಯಾಶ್ ಆಗುತ್ತೆ ಅಂತ ತಾನೇ ಅವರಿಗೆ ಹೇಳಿದ್ದು? ಕಳ್ಳ!” ಅಕ್ಕ ನನ್ನ ಕಿವಿ ಹಿಂಡಿದಳು. “ಮೊದಲು ಅದನ್ನ ವಾಪಸ್ ಹಾಕು. ಆಮೇಲೆ ನೀನೇ ಹೋಗಿ ಅವರಿಗೆ ಹೇಳು.”

ಕಿವಿ ಉರಿದ ಮೇಲೆ ತಲೆ ಓಡಿತು. ಕೊಳಲು ಬಂದಾಗ ಡ್ರಮ್ಮಿನ ಸದ್ದು ತಾನೇ ತಗ್ಗಲಿ ಎಂದು ಪ್ಲಗಿನ್ ಅನ್ನೋ ಪುಟ್ಟ ಪ್ರೋಗ್ರಾಂ ಜೋಡಿಸಿದ್ದವನು ನಾನೇ. ಕೊಳಲನ್ನೇ ಕಿತ್ತುಹಾಕಿದರೆ ಅದು ಯಾರನ್ನು ಕೇಳಿಸಿಕೊಳ್ಳಬೇಕು? ಅದಕ್ಕೇ ಬೀಳುತ್ತಿತ್ತು. ಕೊಳಲಿದ್ದ ಹಳೆಯ ಕಾಪಿ ತೆರೆದೆ, ಸಲೀಸಾಗಿ ಓಡಿತು. ಕೊಳಲು ಇರಲಿ, ಕೇಳಿಸುವುದು ಬೇಡ ಎಂದು ಅದರ ವಾಲ್ಯೂಮ್ ಪೂರ್ತಿ ಇಳಿಸಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಲ್ಲವೇ?

“ಭಾವ, ನಿಮ್ಮ ಕೊಳಲಿಲ್ಲದೆ ಸಾಫ್ಟ್‌ವೇರ್ ನಡೀತಾನೇ ಇಲ್ಲ.”

“ನನ್ನ ಸಮಾಧಾನಕ್ಕೆ ಸುಳ್ಳು ಹೇಳಬೇಡ ಕಣೋ.”

ಸುಳ್ಳನ್ನು ಗಟಗಟ ಕುಡಿದ ಮನುಷ್ಯ ನಿಜವನ್ನು ನಂಬಲೊಲ್ಲ! ಕೈಹಿಡಿದು ಎಳೆತಂದು ತೋರಿಸಿದೆ. ಟ್ರ್ಯಾಕ್ ತೆಗೆದೆ, ಬಿತ್ತು. ಹಾಕಿದೆ, ಓಡಿತು. ಭಾವ ಉಬ್ಬಿಹೋದರು. ಆಮೇಲೆ ಪರದೆಗೆ ಮೂಗು ತಾಗಿಸಿ ನೋಡಿದರು.

“ಅಲ್ಲಾ, ಎಲ್ಲರ ವಾಲ್ಯೂಮೂ ಮೇಲಿದೆ. ನನ್ನದೊಂದು ಯಾಕೆ ತಳದಲ್ಲಿ ಬಿದ್ದಿದೆ?”

ಅಕ್ಕ ನನ್ನ ಇನ್ನೊಂದು ಕಿವಿಯ ಕಡೆ ನೋಡಿದಳು. ತಕ್ಷಣ ಮೇಲೇರಿಸಿದೆ.

“ಇನ್ನೂ ಸ್ವಲ್ಪ,” ಅಂದರು ಭಾವ.

ಹಾಗೇ ಕಳಿಸಿ, ಮೊದಲ ಕೆಲಸಕ್ಕೆ ಎಳ್ಳುನೀರು ಬಿಟ್ಟಂತಾಯಿತು ಎಂದು ತಲೆ ಮೇಲೆ ಕೈಹೊತ್ತು ಕೂತೆ. ಫೋನ್ ಬಂತು.

“ರೀ, ಆ ಕತ್ತೆ ಅರಚೋದನ್ನ ಎಲ್ಲಿ ರೆಕಾರ್ಡ್ ಮಾಡಿದ್ರಿ?” ನಿರ್ದೇಶಕಿ ನಗುತ್ತಿದ್ದರು. “ಹೇಳಿ ಮಾಡಿಸಿದ ಹಾಗಿದೆ! ಮುಂದಿನ ಆಟಕ್ಕೂ ನೀವೇ ಮಾಡಬೇಕು.”

“ಏನಂದ್ರು?” ಭಾವ ಉಸಿರು ಬಿಗಿಹಿಡಿದು ಕೇಳಿದರು.

“ನಿಮ್ಮ ಭಾಗ ಹೇಳಿ ಮಾಡಿಸಿದ ಹಾಗಿದೆಯಂತೆ ಭಾವ.”

ಒಂದಕ್ಷರವೂ ಸುಳ್ಳಲ್ಲ. ಭಾವ ಸುತ್ತಿದ್ದ ಬಟ್ಟೆ ಬಿಡಿಸಿ ಕೊಳಲು ಹೊರತೆಗೆದರು. ಪಕ್ಕದ ಮನೆಯ ಕಿಟಕಿ ದಢಾರನೆ ಮುಚ್ಚಿಕೊಂಡಿತು.