ಒಂಬತ್ತನೆಯ ಪ್ರಶ್ನೆ

ಸೆಕೊಂದೊ ಡೆಮಿಕೇಲಿಸ್ ಪರಿಹಾರದ ಅರ್ಜಿಯನ್ನು ಮೇಜಿನ ಮೇಲಿಟ್ಟು, ಒಂಬತ್ತನೆಯ ಪ್ರಶ್ನೆಗೆ ಮಾತ್ರ ಉತ್ತರ ತುಂಬಿಕೊಡಬೇಕೆಂದು ಕೇಳಿದ. ಪುಡಿಯಿಂದ ಅಪಾಯವಿಲ್ಲವೆಂದು ನಿಮಗೆ ಹೇಳಿದವರು ಯಾರು? ಇದೇ ಪ್ರಶ್ನೆ. ಖಾಲಿ ಬಿಟ್ಟರೆ ಅವಳೇ ತಿಳಿಗೇಡಿತನದಿಂದ ಪುಡಿಯನ್ನು ಅಂಗಳಕ್ಕೆ ಹರಡಿಕೊಂಡಳೆಂದು ದಾಖಲಾಗುತ್ತದಂತೆ.

ಅವಳೆಂದರೆ ಸೆಕೊಂದೊನ ಹೆಂಡತಿ ರೊಸಾಂಜೆಲಾ. ಎದೆಯ ಪೊರೆಯ ಕ್ಯಾನ್ಸರಿನಿಂದ ಸತ್ತು ನಾಲ್ಕು ತಿಂಗಳಾಗಿತ್ತು. ಮೊದಲ ಎಂಟು ಉತ್ತರಗಳನ್ನು ಆಸ್ಪತ್ರೆಯಲ್ಲಿ ಮಲಗಿಕೊಂಡೇ ತನ್ನ ದುಂಡು ಅಕ್ಷರಗಳಲ್ಲಿ ಬರೆದಿದ್ದಳು.

ಮೇಜಿನಾಚೆ ಕೂತಿದ್ದ ಪಕ್ಕದ ಮನೆಯ ಎಲ್ವಿಯೊ ಬೆರ್ತಾನಾ ಕನ್ನಡಕ ಒರೆಸಿದ. ಮೂವತ್ತೆಂಟು ವರ್ಷ ಊರಿನ ಮಕ್ಕಳಿಗೆ ವಿಜ್ಞಾನ ಕಲಿಸಿದವನು ಅವನು. ವಿಜ್ಞಾನದ ಪದಗಳ ಗ್ರೀಕ್ ಮೂಲ ವಿವರಿಸುವ ಅವನ ಪುಟ್ಟ ಪುಸ್ತಕ ಇವತ್ತಿಗೂ ಶಾಲೆಗಳಲ್ಲಿತ್ತು.

ಎಷ್ಟೋ ವರ್ಷಗಳ ಹಿಂದೆ ರೊಸಾಂಜೆಲಾ ಪುಡಿಯ ಬಗ್ಗೆ ಕೇಳಿದ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಸಿಮೆಂಟು ಕೊಳವೆಯ ಕಾರ್ಖಾನೆಯವರು ಮಿಕ್ಕ ಆಸ್ಬೆಸ್ಟಸ್ ಪುಡಿಯನ್ನು ಬೇಕೆಂದವರಿಗೆ ಪುಕ್ಕಟೆ ಕೊಡುತ್ತಿದ್ದರು. ಅಂಗಳಕ್ಕೆ ಹರಡಿದರೆ ಪೋ ನದಿಯ ಕೆಸರು ಕಾಲಿಗಂಟುವುದಿಲ್ಲ, ಬೊಚ್ಚೆ ಆಟದ ಚೆಂಡು ನೆಟ್ಟಗೆ ಉರುಳುತ್ತದೆ. ಊರೆಲ್ಲ ಹರಡಿತು. ಒಗೆದ ಬಟ್ಟೆಯ ಮೇಲೆ ಕೂರುವ ಪುಡಿ ಮನುಷ್ಯರೊಳಗೂ ಕೂರುವುದಿಲ್ಲವೇ ಎಂದು ಬೇಲಿಯಾಚೆಯಿಂದ ಕೇಳಿದವಳು ರೊಸಾಂಜೆಲಾ ಒಬ್ಬಳೇ. ಅವನು ನಕ್ಕು ಪದ ಬಿಡಿಸಿ ತೋರಿಸಿದ್ದ. ಆಸ್ಬೆಸ್ಟಸ್ಸಿಗೆ ಅವರ ಮಾತಿನಲ್ಲಿ ಅಮಿಯಾಂತೊ: ಗ್ರೀಕಿನ 'ಅ' ಎಂದರೆ ಇಲ್ಲ, ಉಳಿದದ್ದೆಂದರೆ ಮೈಲಿಗೆ; ಎರಡೂ ಸೇರಿದರೆ ಮೈಲಿಗೆಯಿಲ್ಲದ್ದು. ಹಿಂದಿನವರು ಅದರಿಂದ ಬಟ್ಟೆ ನೇಯ್ದು, ಕೊಳೆಯಾದಾಗ ಬೆಂಕಿಗೆ ಹಾಕಿ ಬೆಳ್ಳಗೆ ಹೊರತೆಗೆಯುತ್ತಿದ್ದರು. ಪದದ ಬಗ್ಗೆ ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಮರುವಾರವೇ ಅವಳು ಎರಡು ಚೀಲ ತರಿಸಿದ್ದಳು.

"ಕಾರ್ಖಾನೆಯವ್ರು ಅಂತ ಬರೀಲಾ?" ಎಂದ ಎಲ್ವಿಯೊ.

"ಅವ್ರು ಏನೂ ಹೇಳ್ಲಿಲ್ಲ ಮೇಷ್ಟ್ರೇ. ಚೀಲ ಕೊಟ್ರು, ಅಷ್ಟೆ."

"ಊರಲ್ಲಿ ಎಲ್ರೂ ಹಾಗೇ ಅಂತಿದ್ರಲ್ಲಪ್ಪ."

"ಎಲ್ರೂ ಅನ್ನೋ ಹೆಸರಿನವನು ನಮ್ಮ ಬೀದೀಲಿ ಯಾರೂ ಇಲ್ಲ."

ಎಲ್ವಿಯೊ ಪೆನ್ನು ತೆಗೆದುಕೊಂಡ. ತನ್ನ ಹೆಸರು ಬರೆದರೆ ನಾಳೆ ಪತ್ರಿಕೆಯಲ್ಲಿ ಬರುತ್ತದೆ, ಪುಸ್ತಕದ ಮೇಲೂ ಅದೇ ಹೆಸರಿದೆ. ತಾನು ಹೇಳಿದ್ದು ಪದದ ಅರ್ಥವನ್ನು, ಪುಡಿಯ ಗುಣವನ್ನಲ್ಲ ಎಂದು ಮನಸ್ಸಿನಲ್ಲೇ ವಾದ ಹೂಡಿದ. ವಾದ ಗಟ್ಟಿಯಾಗಿಯೇ ಇತ್ತು. ಅವಳ ಅಕ್ಷರಗಳ ಕೆಳಗೆ ಸಣ್ಣದಾಗಿ, 'ನೆನಪಿಲ್ಲ' ಎಂದು ಬರೆದ.

ಸೆಕೊಂದೊ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದ. ಮಡಿಸಿ ಜೇಬಿಗಿಟ್ಟುಕೊಂಡ. ಬಾಗಿಲ ತನಕ ಹೋದವನು ತಿರುಗಿದ.

"ಇದೊಂದನ್ನ ಮೇಷ್ಟ್ರಿಗೇ ಬಿಡು ಅಂದಿದ್ಲು. ಅವ್ರು ತಮ್ಮ ಹೆಸರು ಖಂಡಿತ ಬರೀತಾರೆ ಅಂತ ನಾನಂದೆ. ಬರೆಯೋಲ್ಲ ಅಂದ್ಲು ಅವಳು."